ಆಟಿ ಹದಿನೆಂಟರ ಸೊಪ್ಪು

ಮೈಸೂರಿನಲ್ಲಿ ಬಸ್ಸು ಹತ್ತುವಾಗ ನನ್ನ ಬಗಲಲ್ಲಿ ಎರಡು ಹಲಗೆ, ಒಂದು ಕಟ್ಟು ಹಳೆಯ ಪೇಪರು ಇದ್ದವು. ಗಿಡ ಒಣಗಿಸುವ ಸಾಮಾನು. ಕೊಡಗಿನವರು ಮಳೆಗಾಲದ ಆಟಿ ತಿಂಗಳ ಹದಿನೆಂಟಕ್ಕೆ ಪಾಯಸ ಮಾಡುವ ಮದ್ದು ಸೊಪ್ಪನ್ನು ಬೇರುಸಹಿತ ತರಬೇಕೆಂದು ನಾನು ಪಾಠ ಹೇಳುತ್ತಿದ್ದ ಕಾಲೇಜಿನ ಸಸ್ಯಶಾಸ್ತ್ರದ ಪ್ರೊಫೆಸರು ಅಪ್ಪಣೆ ಕೊಟ್ಟಿದ್ದರು. ಅದು ಮೂಲಿಕೆಯೋ ಪೊದೆಯೋ ಎಂದು ಅವರಿಗೂ ನನಗೂ ಜಗಳ. ಕಾಂಡ ಮರದಂತೆ ಗಟ್ಟಿಯಾಗದಿದ್ದರೆ ಮೂಲಿಕೆ ಎನ್ನುತ್ತದೆ ನಮ್ಮ ಶಾಸ್ತ್ರ.

ಕುಶಾಲನಗರದ ಸೇತುವೆ ದಾಟಿದರೆ ಆಗಿನ್ನೂ ಪ್ರತ್ಯೇಕವಾಗಿದ್ದ ಕೊಡಗು ರಾಜ್ಯ. ಮಳೆಯೂ ಅಲ್ಲಿಂದಲೇ ಶುರುವಾಯಿತು. ಸುಂಟಿಕೊಪ್ಪದಲ್ಲಿ ಕಾಫಿ ಕುಡಿದು, ಮಡಿಕೇರಿಯಲ್ಲಿ ಬಸ್ಸು ಬದಲಿಸಿ, ಭಾಗಮಂಡಲದ ದಾರಿಯಲ್ಲಿ ಇಳಿದು ಎರಡು ಮೈಲಿ ಕೆಸರು ತುಳಿದೆ. ಗೆಳೆಯ ಕುಶಾಲಪ್ಪನ ಮನೆ ಸೇರಿದಾಗ ಆಟಿ ಹದಿನಾರರ ಸಂಜೆ. ಅವನ ತಾಯಿ ದೇವಕ್ಕ ಬಿಸಿ ಕಡುಬು ಬಡಿಸಿದರು.

ಬೆಳಿಗ್ಗೆ ಹಿತ್ತಿಲ ಬೇಲಿಯಲ್ಲೇ ಆ ಗಿಡ ಕಂಡಿತು. ಆತುರಗಾರನಿಗೆ ಬುದ್ಧಿ ಮಟ್ಟ. ಯಾರನ್ನೂ ಕೇಳದೆ ಅಲ್ಲಿದ್ದ ಆರೂ ಗಿಡ ಕಿತ್ತು, ಪೇಪರಿನ ನಡುವೆ ಇಟ್ಟು ಹಗ್ಗ ಬಿಗಿದೆ. ಕಾಂಡ ಬುಡದಲ್ಲಿ ಗಟ್ಟಿ, ತುದಿಯಲ್ಲಿ ಮೆತ್ತಗೆ. ಜಗಳ ಬಗೆಹರಿಯಲಿಲ್ಲ.

ಮಧ್ಯಾಹ್ನ ದೇವಕ್ಕ ಬರಿದಾದ ಬೇಲಿಯ ಮುಂದೆ ನಿಂತಿದ್ದರು.

"ಮೇಷ್ಟ್ರೇ, ಇದು ನನ್ನ ಅವ್ವ ಕೊಟ್ಟದ್ದು, ತವರಿಂದ ತಂದು ನೆಟ್ಟದ್ದು. ಮದುವೆಯಾದಲ್ಲಿಂದ ಒಂದು ವರ್ಷವೂ ಇದರ ಪಾಯಸ ತಪ್ಪಿಲ್ಲ. ನಾಳೆ ಎಂತ ಮಾಡೂದು?"

"ಕಾಡಲ್ಲಿ ಬೇಕಾದಷ್ಟು ಉಂಟಲ್ಲವ್ವ," ಎಂದ ಕುಶಾಲಪ್ಪ.

"ಕಾಡಿದ್ದು ನನ್ನ ಅವ್ವ ಕೊಟ್ಟದ್ದಾ?"

ಬೈದಿದ್ದರೂ ವಾಸಿಯಿತ್ತು. ನಾಚಿಕೆಯಿಂದ ತಲೆ ತಗ್ಗಿಸಿ ಹಗ್ಗ ಬಿಚ್ಚಿದೆ. ದೇವಕ್ಕ ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಕಡ್ಡಿಗಳನ್ನು ಮತ್ತೆ ಬೇಲಿಯಲ್ಲಿ ಊರಿದರು.

"ಹದಿನೇಳಕ್ಕೆ ಕಿತ್ತದ್ದು ಮದ್ದಾಗುತ್ತದೆಯೇ, ಅಮ್ಮ?"

"ಯಾರಿಗೆ ಗೊತ್ತು? ಈ ದಿನ ಯಾರೂ ಕೀಳೂದಿಲ್ಲ. ಇವತ್ತು ಇದು ಬರಿ ಸೊಪ್ಪು. ನಾಳೆಗೆ ಮದ್ದು. ಬೆಲ್ಲ ಹಾಕಿದರೆ ಪಾಯಸ. ಮದ್ದು ಹಿಡಿದರೆ ಮಾರನೇ ದಿನ ಉಚ್ಚೆ ಕೆಂಪಾಗ್ತದೆ. ಆಗ ನೋಡುವ."

ಮರುದಿನ ಸೊಪ್ಪು ಬೇಯಿಸಿದ ನೀರು ನೇರಳೆ ಬಣ್ಣಕ್ಕೆ ತಿರುಗಿತು. ಅಕ್ಕಿ, ಬೆಲ್ಲ, ತೆಂಗಿನ ಹಾಲು ಬಿದ್ದ ಮೇಲೆ ನಾನು ಎರಡು ಬಟ್ಟಲು ಹೊಡೆದೆ. ದೇವಕ್ಕ ಮಾತ್ರ ಒಂದು ಚಮಚ ಬಾಯಿಗಿಟ್ಟು ಒಳಗೆ ಹೋದರು.

ಹತ್ತೊಂಬತ್ತರ ಬೆಳಿಗ್ಗೆ ಬಸ್ಸು ಹಿಡಿಯಬೇಕಿದ್ದ ನಾನೇ ಮೊದಲು ಎದ್ದು ಹಿತ್ತಿಲಿಗೆ ಹೋದೆ. ತಿರುಗಿ ಬರುವಾಗ ಅಡಿಗೆಮನೆಯ ಬಾಗಿಲಲ್ಲಿ ದೇವಕ್ಕ ನಿಂತಿದ್ದರು. ಸಂಕೋಚದಿಂದ ಪಕ್ಕಕ್ಕೆ ಸರಿದು, ಖಾಲಿ ಹಲಗೆ ಹೊತ್ತು ಗದ್ದೆಯ ಬದುವಿಗೆ ಇಳಿದುಬಿಟ್ಟೆ.

"ಮೇಷ್ಟ್ರೇ!" ಹಿಂದಿನಿಂದ ಕೂಗು ಬಂತು. ನೋಡಿದರೆ ಅವರು ಮಳೆಯಲ್ಲಿ ಬೇಲಿಯವರೆಗೆ ಓಡಿ ಬಂದಿದ್ದರು. "ಹೇಳಿ ಹೋಗಿ! ಕೆಂಪಾ?"

ಗದ್ದೆಯಲ್ಲಿ ನಾಟಿ ಮಾಡುತ್ತಿದ್ದವರೆಲ್ಲ ತಲೆಯೆತ್ತಿದರು.

"ಕೆಂಪು, ಅಮ್ಮ!" ನಾನೂ ಗಂಟಲು ಹರಿಯುವಂತೆ ಕೂಗಿದೆ. "ಕೆಂಪು!"