ಸಕ್ಕರೆ ಕೊಟ್ಟ ಮನೆ

—ಅಥವಾ ನೀಲವ್ವ ಹಾಗೆ ಹೇಳಲೇ ಇಲ್ಲವೇನೋ. ಇಷ್ಟು ವರ್ಷ ಅವಳೇ ಹೇಳಿದಳೆಂದು ನಂಬಿದ್ದೆ. ನಮ್ಮ ಹಳೆಯ ಮನೆಯ ಎದುರು ತನ್ನ ಕಟ್ಟೆಯ ಮೇಲೆ ಕೂತು, ಜೋಳ ಹಸನು ಮಾಡುತ್ತ, ತಲೆ ಎತ್ತದೆ— "ಓಣ್ಯಾಗಿನವರು ಒಪ್ಪಂಗಿಲ್ಲ ಯವ್ವಾ." ಮೊರದ ಸದ್ದು ಕೂಡ ನೆನಪಿದೆ. ನೆನಪಿದೆ ಎಂದುಕೊಂಡಿದ್ದೆ.

ಟೀಚರ್, ಮೊದಲು ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಶಹಾಪುರದ ನಮ್ಮ ಮನೆ ನಿಮ್ಮ ಕೈತಪ್ಪಿದ್ದು ಏಜೆಂಟ್ ಮಹಿಬೂಬನ ಮೋಸದಿಂದಲ್ಲ. ಅವನು ಮೋಸ ಮಾಡಿರಲಿಲ್ಲ. ನಿಮ್ಮ ಜಾತಿ ತಿಳಿದ ಮೇಲೆ ನಿಮಗೆ ಮಾರಲು ನನಗೆ ಮನಸ್ಸಾಗಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವೂ ಇರಲಿಲ್ಲ. ಅದಕ್ಕೆ ಏಜೆಂಟನನ್ನು ಬದಲಿಸಿದೆ.

ನಾವು ಆಗಲೇ ಯಾದಗಿರಿಗೆ ಬಂದು ಬಟ್ಟೆ ಅಂಗಡಿ ಹಾಕಿದ್ದೆವು. ಖಾಲಿ ಮನೆಯ ಕೀಲಿಕೈ ಮಹಿಬೂಬನ ಹತ್ತಿರ ಇತ್ತು. ಅವನಿಗೊಂದು ಆಫೀಸಿಲ್ಲ, ಬೋರ್ಡಿಲ್ಲ. ಬಸ್‌ಸ್ಟ್ಯಾಂಡ್ ಪಕ್ಕದ ಚಹಾ ಹೋಟೆಲಿನ ಬೆಂಚೇ ಎಲ್ಲ. ಊರಿನಲ್ಲಿ ಮನೆ ಮಾರುವವರು, ಕೊಳ್ಳುವವರು ಅವನ ಬಾಯಿಮಾತಿನ ಮೇಲೆ ನಡೆಯುತ್ತಿದ್ದರು. ಆ ಮಾತು ಬಿಟ್ಟರೆ ಅವನ ಹತ್ತಿರ ಬೇರೆ ಬಂಡವಾಳ ಇರಲಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ—

ನಿಮ್ಮನ್ನು ಕರೆತರುವ ಮೊದಲು ಫೋನಿನಲ್ಲಿ ನಾನು ಎಲ್ಲರೂ ಕೇಳುವುದನ್ನೇ ಕೇಳಿದ್ದೆ: ಯಾರ ಪೈಕಿ? ಅವನು ನಕ್ಕ. "ಸಾಲಿ ಕಲಿಸೋರ ಪೈಕಿ ರೀ ಅಕ್ಕಾರ. ಹುಷಾರ್ ಇರ್ರಿ, ರೇಟ್ ಜಾಸ್ತಿ ಹೇಳಿದ್ರ ಬೆಂಚಿನ ಮ್ಯಾಲ ನಿಂದರಸ್ತಾರ." ನಾನೂ ನಕ್ಕೆ. ಮತ್ತೆ ಕೇಳಲಿಲ್ಲ.

ನೀವು ಶಾಲೆ ಮುಗಿಸಿ ನೇರವಾಗಿ ಬಂದಿರಿ. ಮೊದಲು ನಲ್ಲಿ ತಿರುಗಿಸಿ ನೋಡಿದಿರಿ, ಆಮೇಲೆ ಮಾಳಿಗೆ ಹತ್ತಿದಿರಿ. ಚೌಕಾಸಿ ಚೆನ್ನಾಗಿಯೇ ಮಾಡಿದಿರಿ. ನನಗೆ ಸಿಟ್ಟೂ ಬಂತು, ಇಷ್ಟವೂ ಆದಿರಿ. ಒಪ್ಪಿಗೆ ಆಯಿತು. ಮಹಿಬೂಬ ಹೋಟೆಲಿನಿಂದ ಕಾಗದದಲ್ಲಿ ಸಕ್ಕರೆ ಕಟ್ಟಿಸಿ ತಂದ. ನನ್ನ ಕೈಯಾರೆ ನಿಮ್ಮ ಅಂಗೈಗೆ ಹಾಕಿದೆ. ಕಾಗದಪತ್ರ ಆಮೇಲಿನದು; ನಮ್ಮಲ್ಲಿ ಸಕ್ಕರೆ ಕೊಟ್ಟ ಮೇಲೆ ಆ ಮನೆಯನ್ನು ಇನ್ನೊಬ್ಬರಿಗೆ ತೋರಿಸುವುದಿಲ್ಲ.

ಆಗ ನೀವು ದೇವರ ಜಗಲಿಯ ಮುಂದೆ ನಿಂತು ಗೇಣು ಹಾಕಿ ಅಳೆದಿರಿ. "ನಮ್ಮ ಬುದ್ಧ ಇಲ್ಲಿ ಸರಿಯಾಗಿ ಕೂಡ್ತಾನ್ರಿ," ಎಂದಿರಿ. ಊರು ರಾಮಸಮುದ್ರ ಎಂದಿರಿ, ತಂದೆಯ ಹೆಸರು ಹೇಳಿದಿರಿ, ಊರಲ್ಲಿ ನಿಮ್ಮ ಮನೆ ಯಾವ ಕೇರಿಯಲ್ಲಿದೆ ಎಂಬುದನ್ನೂ. ಏನನ್ನೂ ಮುಚ್ಚಿಡಲಿಲ್ಲ. ನಾನು "ಚಲೋ ಆತು ಬಿಡ್ರಿ" ಎಂದೆ. ಆಗ ಸಕ್ಕರೆ ಇನ್ನೂ ನನ್ನ ಬಾಯಲ್ಲಿತ್ತು— ಇಲ್ಲ, ಇದನ್ನು ಆಮೇಲೆ ಸೇರಿಸಿಕೊಂಡಿರಬೇಕು. ಇಷ್ಟು ಹೊಂದಿ ಬರುವ ನೆನಪುಗಳನ್ನು ನಾನೀಗ ನಂಬುವುದಿಲ್ಲ.

ಯಾದಗಿರಿಗೆ ಮರಳಿ ನಮ್ಮ ಮನೆಯವರಿಗೆ ನೀಲವ್ವ ಹೀಗೆಂದಳು ಎಂದೆ. ಹಾಗಾದರೆ ಟೀಚರಿಗೆ ತಿಳಿಸಿಬಿಡು ಎಂದರು. ಸಕ್ಕರೆ ಕೊಟ್ಟಾಗಿದೆ, ಹೇಗೆ ತಿಳಿಸಲಿ? ಮಾತು ಮುರಿಯಲು ಕಾರಣ ಬೇಕು. ಏಜೆಂಟನೇ ಕಳ್ಳನಾದರೆ ಅವನು ತಂದ ಸಕ್ಕರೆಗೆ ಬೆಲೆ ಇಲ್ಲ— ಈ ಉಪಾಯ ಯಾರದು? ನಮ್ಮ ಮನೆಯವರದೆಂದು ಬರೆದು ನೋಡಿದೆ. ಹೊಡೆದುಹಾಕಿದೆ. ನನ್ನದು.

ಮರುದಿನವೋ ಅದರ ಮಾರನೆಯ ದಿನವೋ ಶಹಾಪುರಕ್ಕೆ ಹೋದೆ. ಬೆಂಚು ತುಂಬಿತ್ತು. ಕೀಲಿಕೈ ಕೊಡು, ಏಜೆಂಟ್ ಬದಲಿ ಮಾಡಿದ್ದೇನೆ ಎಂದೆ. ಮಹಿಬೂಬ ಎದ್ದು ಹತ್ತಿರ ಬಂದ. ದನಿ ತಗ್ಗಿಸಿದ.

"ಅಕ್ಕಾರ, ಬುದ್ಧ ಅಂದಾಗ ನಾ ನಿಮ್ಮ ಮಾರಿ ನೋಡೀನಿ. ಖರೇ ಮಾತು ನನಗೊಬ್ಬಗ ಹೇಳ್ರಿ ಸಾಕು. ಟೀಚರಿಗೆ ಏನ್ ಹೇಳಬೇಕು ನಾ ನೋಡ್ಕೋತೀನಿ. ಜಬಾನ್ ಕೊಟ್ಟೀನಿ ನಾ ಅವರಿಗೆ, ಮಾತು ತಪ್ಪಂಗಿಲ್ಲ."

ಬೆಂಚಿನವರೆಲ್ಲ ನಮ್ಮ ಕಡೆಯೇ ನೋಡುತ್ತಿದ್ದರು. ಅವನು ಗಟ್ಟಿಯಾಗಿ ಹೇಳಿಬಿಟ್ಟರೆ? ಅವನು ಬಾಯಿ ತೆಗೆಯುವ ಮುಂಚೆ ನಾನೇ ತೆಗೆದೆ, ಎಲ್ಲರಿಗೂ ಕೇಳುವಂತೆ:

"ನನಗೊಂದು ರೇಟ್, ಟೀಚರಿಗೊಂದು ರೇಟ್ ಹೇಳಿ ನಡುವ ತಿನ್ನಾಕತ್ತೀಯಲ್ಲೋ ಮಹಿಬೂಬ. ನಿನ್ನ ಕೈಯಾಗ ಮನಿ ಹ್ಯಾಂಗ ಬಿಡ್ಲಿ?"

ಅವನು ನಿಜವನ್ನು ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಕೀಲಿಕೈ ಕೊಟ್ಟ. "ಆತ್ರಿ," ಎಂದ.

ಹೊಸ ಏಜೆಂಟ್ ಯಾದಗಿರಿಯವನು. ಗಾಜಿನ ಬಾಗಿಲಿನ ಆಫೀಸು, ಮೊಬೈಲಿನಲ್ಲಿ ಮನೆಯ ವಿಡಿಯೊ. ಅವನಿಗೂ ಅದನ್ನೇ ಹೇಳಿದೆ. ಪುರಾವೆ ಕೇಳಲಿಲ್ಲ; ಅವನಿಗೆ ಬೇಕಾಗಿರಲಿಲ್ಲ. ಮನೆ ಮಹಿಬೂಬನ ಕೈಯಿಂದ ಯಾಕೆ ಬಂತೆಂದು ಕೇಳಿದವರಿಗೆಲ್ಲ ನನ್ನ ಹೆಸರು ಹಿಡಿದೇ ಹೇಳಿದ. ಮನೆ ಒಬ್ಬ ಹತ್ತಿ ವ್ಯಾಪಾರಿಗೆ ಹೋಯಿತು. ಮಹಿಬೂಬನ ಬೆಂಚಿಗೆ ಮನೆ ಮಾರುವವರು ಬರುವುದು ನಿಂತಿತು. ನನ್ನ ಕಿವಿಗೂ ಬಿತ್ತು. ಅಂಗಡಿಯಲ್ಲಿ ಸೀರೆ ಮಡಿಸುತ್ತ ಕೇಳಿಸಿಕೊಂಡೆ.

ಈಚೆಗೆ ಬಳಿಚಕ್ರದ ಒಂದು ಮದುವೆಯಲ್ಲಿ ನೀಲವ್ವ ನನ್ನ ಪಕ್ಕ ಊಟಕ್ಕೆ ಕೂತಳು. ಅದೂ ಇದೂ ಮಾತಾಡಿ, ಕೇಳಿದಳು: "ಆ ಟೀಚರ ಬರ್ತಾರಂತ ಸುದ್ದಿ ಇತ್ತಲ್ಲ, ಯಾಕ ಬರಲಿಲ್ಲ? ನಾ ಆವಾಗ ಮಗಳ ಬಾಣಂತನಕ್ಕ ಸುರಪುರದಾಗ ಇದ್ನಿ. ತಿರುಗಿ ಬರೋದ್ರಾಗ ಬ್ಯಾರೇದವರು ಬಂದಿದ್ರು. ನಮ್ಮ ದೊಡ್ಡ ಮೊಮ್ಮಗಳಿಗೆ ಪಾಠ ಹೇಳಸೋಣಂತ ಮಾಡಿದ್ದೆ."

ಸುರಪುರದಲ್ಲಿದ್ದಳು. ಅಂದು ಅವಳ ಕಟ್ಟೆ ಖಾಲಿ ಇತ್ತು. ಮೊರದ ಸದ್ದು ಬೇರೆ ಯಾವುದೋ ದಿನದ್ದು. ಆ ಮಾತನ್ನು ನಾನೇ ಕಟ್ಟಿ, ಅವಳ ಬಾಯಲ್ಲಿಟ್ಟು, ಅವಳ ದನಿಯಲ್ಲಿ ಕೇಳಿಸಿಕೊಂಡು ಬದುಕಿದ್ದೇನೆ. ಓಣಿಯಲ್ಲಿ ಯಾರನ್ನೂ ನಾನು ಕೇಳಿರಲಿಲ್ಲ. ನೀವು ಯಾರೆಂದು ತಿಳಿದಿದ್ದರೆ ನೀಲವ್ವ ಏನನ್ನುತ್ತಿದ್ದಳೋ— ಅಂದೂ ಕೇಳಲಿಲ್ಲ, ಆ ಊಟದಲ್ಲೂ ಕೇಳಲಾಗಲಿಲ್ಲ.

ಹೋದ ವಾರ ಶಹಾಪುರಕ್ಕೆ ಹೋಗಿ ಆ ಬೆಂಚಿನ ಮುಂದೆ ನಿಂತು ಹೇಳಿದೆ: ಮಹಿಬೂಬ ರೇಟಿನಲ್ಲಿ ಮೋಸ ಮಾಡಿರಲಿಲ್ಲ, ಸುಳ್ಳು ನನ್ನದು. ಕೂತಿದ್ದವರಲ್ಲಿ ಮುಕ್ಕಾಲು ಮಂದಿ ಹೊಸಬರು. ಯಾವ ಮಹಿಬೂಬ ಎಂದು ಒಬ್ಬ ಕೇಳಿದ. ಇನ್ನೊಬ್ಬ, ಕಾಲು ನೋಯುತ್ತಿರಬೇಕು ಪಾಪ ಎಂದು ಸರಿದು ಜಾಗ ಕೊಟ್ಟ.

ಮಹಿಬೂಬ ಸಿಕ್ಕಿದ್ದು ಮಂಡಿಯಲ್ಲಿ. ಭತ್ತದ ಲಾರಿಗಳಿಗೆ ಬಾಡಿಗೆ ಗೊತ್ತುಮಾಡಿಕೊಡುತ್ತಾನೆ ಈಗ. ಅವನಿಗೂ ಹೇಳಿದೆ, ಎಲ್ಲವನ್ನೂ. ಅವನು ಕೇಳಿಸಿಕೊಂಡ. ಕ್ಷಮಿಸಿದ್ದೇನೆ ಎನ್ನಲಿಲ್ಲ, ನಾನು ಕೇಳಲೂ ಇಲ್ಲ. ಅಂದು ಟೀಚರಿಗೆ ನೀನು ಏನು ಹೇಳಿದೆ ಎಂದು ಮಾತ್ರ ಕೇಳಿದೆ.

"ಅದು ನಂದೂ ಅವರದೂ ಮಾತು ರೀ ಅಕ್ಕಾರ," ಎಂದ. "ನಿಮಗದು ಬ್ಯಾಡ."

ನೀವೀಗ ಎಲ್ಲಿದ್ದೀರಿ ಎಂದು ಕೇಳಿದೆ. ಅದನ್ನೂ ಹೇಳಲಿಲ್ಲ. ಲಾರಿಯ ಕಡೆ ತಿರುಗಿದ.

ಅದಕ್ಕೆ, ಎಲ್ಲಿದ್ದರೂ ನಿಮ್ಮ ಕಣ್ಣಿಗೆ ಬೀಳಲೆಂದು, ಇದನ್ನು ಬರೆದು ಅಚ್ಚಿಗೆ ಕೊಟ್ಟಿದ್ದೇನೆ. ನನ್ನ ಸುಳ್ಳನ್ನು ತನ್ನ ಮೇಲೆ ಎಳೆದುಕೊಂಡು, ತಪ್ಪು ತನ್ನದೆಂದೇ ಅವನು ನಿಮಗೆ ಹೇಳಿದನೋ. ಅಥವಾ ನಡೆದದ್ದನ್ನು ನಡೆದ ಹಾಗೇ ಹೇಳಿದನೋ. ಅಥವಾ ಅವನು ಹೇಳುವ ಮೊದಲೇ, ಜಗಲಿಯ ಮುಂದೆಯೇ, ನನ್ನ ಮುಖ ನೋಡಿ ನಿಮಗೆ ತಿಳಿದುಹೋಗಿತ್ತೋ— ನನಗೆ ಗೊತ್ತಿಲ್ಲ.