ಮಾಸ್ತರರ ಎದೆಬಡಿತ

ಹುಮನಾಬಾದಿನ ಹೈಸ್ಕೂಲಿನಲ್ಲಿ ನಮ್ಮ ವಿಜ್ಞಾನದ ಮಾಸ್ತರರು ಸೈಕಲ್ ಟ್ಯೂಬಿಗೆ ಸೀಮೆಎಣ್ಣೆಯ ಲಾಳಿಕೆ ಸಿಕ್ಕಿಸಿ, ಅದನ್ನು ತಮ್ಮ ಎದೆಗೇ ಒತ್ತಿಕೊಂಡು ಹೃದಯದ ಪಾಠ ಮಾಡುತ್ತಿದ್ದರು. “ಪುಸ್ತಕ ಬಿಡ್ರಿ, ಕಿವಿಗಿ ಕೇಳಿದ್ದು ಹೇಳ್ರಿ” ಎಂಬುದು ಅವರ ಮಾತು. ನಾನು ಟ್ಯೂಬಿನ ಇನ್ನೊಂದು ತುದಿಗೆ ಕಿವಿಗೊಟ್ಟಾಗ ಬಡಿತ ನಡುನಡುವೆ ತಪ್ಪುತ್ತಿತ್ತು. ಹುಡುಗರು ನಕ್ಕಾರೆಂದು ಹೆದರಿ, ಪುಸ್ತಕದಲ್ಲಿದ್ದಂತೆ “ಲಬ್ ಡಬ್ ಸರ್” ಎಂದೆ.

ಶಾಲೆ ಬಿಟ್ಟ ಮೇಲೆ ಅವರು ನನ್ನನ್ನು ನಿಲ್ಲಿಸಿಕೊಂಡರು.

“ತಮ್ಮಾ, ಖರೇ ಹೇಳು. ನಡುವ ಎಲ್ಲ್ಯರ ನಿಂತಂಗ ಆತೇನು?”

ಆಡಿದ ಮಾತನ್ನು ತಿರುಗಿಸುವ ಧೈರ್ಯವಾಗಲಿಲ್ಲ. “ಇಲ್ರಿ ಸರ್.”

“ಹಂಗಾದ್ರ ಸೋಲಾಪುರದ ಡಾಕ್ಟರ್ ಕಡಿ ಹೋಗೂದು ಬ್ಯಾಡ ಬಿಡು,” ಎಂದು ನಗುತ್ತ ಅಂಗಿಯ ಗುಂಡಿ ಹಾಕಿಕೊಂಡರು.

ದೀಪಾವಳಿಯ ಹೊತ್ತಿಗೆ ಅವರಿರಲಿಲ್ಲ. “ಎದಿ ಬ್ಯಾನಿ ಇತ್ತಂತ ಯಾರಿಗೂ ಗೊತ್ತೇ ಆಗಲಿಲ್ಲಪ್ಪಾ,” ಎಂದು ಅವರ ಹೆಂಡತಿ ನನ್ನ ಕೈ ಹಿಡಿದು ಅತ್ತರು. ನಾನು ಕೈ ಬಿಡಿಸಿಕೊಳ್ಳಲಿಲ್ಲ, ಬಾಯಿಯನ್ನೂ ಬಿಡಲಿಲ್ಲ.