ಕೃಷ್ಣನ ಕೆನ್ನೆಗೆ ಎಂಜಲಿನ ಅಭಿಷೇಕ

ನಮ್ಮ ಮನೆಯ ಕೃಷ್ಣನ ಮುಖಕ್ಕೆ ಒಬ್ಬ ಹುಡುಗಿ ಎಂಜಲು ಹಚ್ಚಿದಳು. ಫೀಸು ಕೊಟ್ಟು ಹಚ್ಚಿಸಿದವಳು ನಾನೇ!

ತಡೆಯಿರಿ, ಪತ್ರಿಕೆ ಮಡಚಿ ಎಸೆಯಬೇಡಿ. ಮೊದಲಿಂದ ಹೇಳುತ್ತೇನೆ.

ದಿಲ್ಲಿಯ ನಮ್ಮ ಆರ್.ಕೆ.ಪುರಂ ಕ್ವಾರ್ಟರ್ಸಿನಲ್ಲಿ ಅಡುಗೆಮನೆಯ ಗೂಡೇ ದೇವರಮನೆ. (ಸರಕಾರ ನಮ್ಮ ಗ್ರೇಡ್ ನೋಡಿ ಮನೆ ಕೊಟ್ಟಿತು, ದೇವರ ಗ್ರೇಡ್ ಯಾರೂ ಕೇಳಲಿಲ್ಲ.) ಅಲ್ಲಿ ನಮ್ಮತ್ತೆಯ ಬಾಲಕೃಷ್ಣನ ಆಯಿಲ್ ಪೇಂಟಿಂಗ್. ಮದುವೆಯಲ್ಲಿ ಅವರಪ್ಪ ಕೊಟ್ಟು ಕಳಿಸಿದ್ದು. ಅಂದಿನಿಂದ ದೀಪದ ಹೊಗೆ, ಊದುಬತ್ತಿ, ಮೂರು ಹೊತ್ತಿನ ಒಗ್ಗರಣೆ! ಬೆಣ್ಣೆ ಗಡಿಗೆ ಕಾಣುತ್ತಿತ್ತು, ಕಳ್ಳ ಕಾಣುತ್ತಿರಲಿಲ್ಲ.

"ಮುಖ ಹೇಗಿತ್ತು ಅಂತಾನೇ ಮರೆತುಹೋಗಿದೆ ಕಣೇ. ಈ ಗೋಕುಲಾಷ್ಟಮಿಗಾದರೂ ಒಂದ್ಸಲ ನೋಡಬೇಕು," ಎಂದರು ಅತ್ತೆ. ಕಣ್ಣಲ್ಲಿ ನೀರು. ಅಳುವ ಪೈಕಿಯಲ್ಲ ಅವರು, ಅಳಿಸುವ ಪೈಕಿ.

ಅಲ್ಲಿ ಇಲ್ಲಿ ವಿಚಾರಿಸಿ ರಿತುವನ್ನು ಹುಡುಕಿದೆ. ಮುನಿರ್ಕಾದ ಬಾಡಿಗೆ ರೂಮಿನಲ್ಲಿ ಹಳೆಯ ಚಿತ್ರಗಳಿಗೆ ಜೀವ ಕೊಡುವ ಪಂಜಾಬಿ ಹುಡುಗಿ. ರಿಪೇರಿ ಎಂದರೆ ಮುನಿಸು, ಕನ್ಸರ್ವೇಶನ್ ಎನ್ನಬೇಕು! ಕೃಷ್ಣನನ್ನು ಒಪ್ಪಿಸಿ ಬಂದೆ. ವಾರದ ಮೇಲೆ "ಬಂದು ನೋಡಿ" ಎಂದು ಎಸ್ಸೆಮ್ಮೆಸ್ ಬಂತು. ಅತ್ತೆಯನ್ನೂ ಆಟೋ ಹತ್ತಿಸಿದೆ.

ಅಬ್ಬಾ! ಮೇಜಿನ ಮೇಲೆ ಅರ್ಧ ಕೃಷ್ಣ. ಒಂದು ಕಣ್ಣು, ಒಂದು ಕೆನ್ನೆ ಫಳಫಳ. ಇನ್ನರ್ಧ ಡಾಂಬರು. ಅತ್ತೆ ಕೈಮುಗಿದರು. ಆಗ ರಿತು ಕಡ್ಡಿಗೆ ಹತ್ತಿ ಸುತ್ತಿ, ಬಾಯಲ್ಲಿಟ್ಟು ಒದ್ದೆ ಮಾಡಿ, ಕೃಷ್ಣನ ಮೂಗಿನ ಮೇಲೆ ಮೆಲ್ಲಗೆ ಹೊರಳಿಸಿದಳು.

"ಯೇ ಕ್ಯಾ ಹೈ, ಬೇಟಿ?" ಎಂದರು ಅತ್ತೆ.

"ಥೂಕ್, ಆಂಟೀಜಿ!" ಎಂದಳು, ನಗುನಗುತ್ತಾ.

ಅತ್ತೆಗೆ ಬರುವ ಹಿಂದಿ, ತರಕಾರಿ ಭಯ್ಯಾನ ಜೊತೆ ಜಗಳಕ್ಕೆ ಸಾಕಾಗುವಷ್ಟು. ನನ್ನ ಗ್ರಹಚಾರ, ಆ ಪದ ಅದರಲ್ಲಿ ಸೇರಿತ್ತು.

"ಶಿವ ಶಿವಾ! ದೇವರಿಗೆ ಎಂಜಲೇ? ಬೆಳಿಗ್ಗೆ ಏನು ತಿಂದಿದ್ದಾಳೆ, ಕೇಳೇ!"

ಕೇಳಿದೆ. ಕೇಳಬಾರದಿತ್ತು. ಆಮ್ಲೆಟ್.

ಅತ್ತೆ ಸ್ಟೂಲಿನ ಮೇಲೆ ಕುಸಿದರು.

ಪಾಪ, ರಿತು ಪಾಠ ಶುರುಮಾಡಿದಳು. ನಾನು ದುಭಾಷಿ. ಹೊಗೆಯ ಜಿಡ್ಡು ಬರೀ ನೀರಿಗೆ ಬಗ್ಗದು. ತೀಕ್ಷ್ಣವಾದ ಕೆಮಿಕಲ್ ಹಾಕಿದರೆ ಜಿಡ್ಡಿನ ಜೊತೆ ಬಣ್ಣವೂ ಎದ್ದು ಬಂದೀತು. ಉಗುಳು ಹದವಾದದ್ದು. ಅನ್ನ ಅಗಿದರೆ ಸಿಹಿಯಾಗುತ್ತದಲ್ಲ, ಅದನ್ನು ಮಾಡುವ ಎನ್ಜೈಮು ಅದರಲ್ಲಿದೆ. ಚಿತ್ರ ತೊಳೆಯುವವರು ಇದನ್ನು ತಲೆತಲಾಂತರದಿಂದ ಬಳಸುತ್ತಿದ್ದರಂತೆ. ವಿಜ್ಞಾನಿಗಳು ಆಮೇಲೆ ಬಂದು, ಪರೀಕ್ಷೆ ಮಾಡಿ, "ಹೌದಲ್ಲಾ!" ಎಂದರಂತೆ.

ವಿಜ್ಞಾನ ಈ ಕಸುಬಿಗೆ ಕಾಲಿಟ್ಟದ್ದರ ಬಗ್ಗೆ ಅವಳು ಹೇಳಿದ ಕಥೆಯೂ ಮಜವಾಗಿದೆ. ಮೊದಲ ಮಹಾಯುದ್ಧದಲ್ಲಿ ಬಾಂಬಿಗೆ ಹೆದರಿ ಲಂಡನ್ನಿನ ಮ್ಯೂಸಿಯಂ ಒಂದರ ಸಾಮಾನುಗಳನ್ನು ರೈಲಿನ ಸುರಂಗದಲ್ಲಿ ಬಚ್ಚಿಟ್ಟರು. ಯುದ್ಧ ಮುಗಿದ ಮೇಲೆ ತೆಗೆದರೆ ತುಕ್ಕು, ಬೂಷ್ಟು! ಬಾಂಬಿನಿಂದ ಬದುಕಿದ್ದು ತೇವಕ್ಕೆ ಸಾಯುತ್ತಿತ್ತು. ಓಡಿಹೋಗಿ ಕೆಮಿಸ್ಟ್ರಿ ಪಂಡಿತರನ್ನು ಕರೆತಂದರು. ಅದಕ್ಕೂ ಹಿಂದೆ ಚಿತ್ರ ತೊಳೆಯಲು ಏನಿತ್ತು? ಬ್ರೆಡ್ಡು, ಆಲೂಗಡ್ಡೆ, ಈರುಳ್ಳಿ, ಕೊನೆಗೆ ಮೂತ್ರ ಕೂಡ!

"ಕಂಡ್ಯಾ!" ಅತ್ತೆ ಎದ್ದು ಕೂತರು. "ಹಾಗಾದರೆ ಗೋಮೂತ್ರ ಚಿಮುಕಿಸಿ ಶುದ್ಧ ಮಾಡೋಣ."

"ನೋ ನೋ ನೋ, ಆಂಟೀಜಿ!" ರಿತು ಕೃಷ್ಣನಿಗೆ ಅಡ್ಡ ನಿಂತಳು. "ಅದರಿಂದ ಹಾಳಾದ ಚಿತ್ರಗಳೇ ಹೆಚ್ಚು. ಬೇಕಾದರೆ ಲ್ಯಾಬಿನಲ್ಲಿ ತಯಾರಿಸಿದ ಉಗುಳು ತರಿಸುತ್ತೇನೆ."

"ಬಾಟಲಿ ಉಗುಳೇ? ಯಾರದೋ ಏನೋ!"

ಮನೆಯಲ್ಲಿ ತೀರ್ಪು ಬಂತು: ಆ ಚಿತ್ರ ಗೂಡಿಗೆ ಬರಕೂಡದು. ನಮ್ಮವರು, "ಪುರಾಣದಲ್ಲಿ ಭಕ್ತರ ಎಂಜಲನ್ನು ದೇವರೇ ತಿಂದಿಲ್ಲವೇನಮ್ಮಾ?" ಎಂದು ನೋಡಿದರು. "ಅವರು ಆಮ್ಲೆಟ್ ತಿಂದಿದ್ದರೇನೋ?" ಎಂದು ಅತ್ತೆ ಕೇಳಿದ್ದೇ ತಡ, ಅವರು ಪೇಪರಿನ ಹಿಂದೆ ಅಡಗಿದರು. ಅತ್ತೆ ಖಾಲಿ ಗೂಡಿಗೇ ಹೂವಿಟ್ಟರು. ನನಗೆ ಸಂಕಟ. ಇದ್ದ ಕಪ್ಪು ಕೃಷ್ಣನನ್ನೂ ನಾನೇ ಕಳೆದೆನಲ್ಲಾ!

ಅಲ್ಲ, ಉಗುಳಿಲ್ಲದೆ ನಮ್ಮ ಯಾವ ಕೆಲಸ ನಡೆದಿದೆ, ಹೇಳಿ? ಸೂಜಿಗೆ ದಾರ ಪೋಣಿಸುವುದು? ಅಂಚೆಚೀಟಿ ಅಂಟಿಸುವುದು? ನಮ್ಮ ಆಫೀಸಿನಲ್ಲಿ ಫೈಲಿನ ಹಾಳೆ ತಿರುಗುವುದೇ ಉಗುಳಿನ ಬಲದಿಂದ. (ದಿಲ್ಲಿಯ ಗೋಡೆಗಳ ಮೇಲೂ ಬೇಕಾದಷ್ಟು ಬೀಳುತ್ತದೆ. ಒಂದಾದರೂ ಹೊಳೆದದ್ದುಂಟೇ?)

ಏಕಾದಶಿ ಬಂತು. ಅತ್ತೆ ಬೆಳಿಗ್ಗೆಯೇ ಸ್ನಾನ ಮಾಡಿ, ಮಡಿ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು.

"ಆಟೋ ಕರಿಯೇ. ಉಗುಳೇ ಬೇಕು ಅಂದರೆ ನನ್ನದೇ ಆಗಲಿ."

"ಅತ್ತೇ?!"

"ಏನು ಅತ್ತೆ? ಮಕ್ಕಳ ಮುಖ ಸೆರಗಿನ ತುದಿ ಎಂಜಲು ಮಾಡಿ ಒರೆಸಿದವಳಲ್ಲವೇ ನಾನು? ಅವನೂ ಮಗೂನೇ ತಾನೇ!"

ರಿತುವಿಗೆ ಹೇಳಿದರೆ ಕುಣಿದುಬಿಟ್ಟಳು. ಕಡ್ಡಿ ಒದ್ದೆ ಮಾಡಿ ಕೊಡುವುದು ಅತ್ತೆ, ಹೊರಳಿಸುವುದು ಅವಳು. ಒಂದೇ ತೊಂದರೆ. ನಿರ್ಜಲ ಉಪವಾಸದ ಬಾಯಿ, ಒಣಗಿದ ಬಾವಿ!

"ಅತ್ತೆ, ಅಪ್ಪೆಮಿಡಿ ಉಪ್ಪಿನಕಾಯಿ ನೆನೆಸಿಕೊಳ್ಳಿ," ಎಂದೆ.

"ಏಕಾದಶಿ ದಿನ ಅದರ ಹೆಸರೆತ್ತಬೇಡ ಕಣೇ, ಪಾಪಿ!"

ಎತ್ತಿದೆ. ಬರೀ ಎತ್ತಲಿಲ್ಲ, ಸಹಸ್ರನಾಮವನ್ನೇ ಶುರುಮಾಡಿದೆ. ಹುಣಸೆ ತೊಕ್ಕು, ನೆಲ್ಲಿಕಾಯಿ, ಹೇರಳೆಕಾಯಿ, ಉಪ್ಪು ಖಾರ ಸವರಿದ ಮಾವಿನಕಾಯಿ ಹೋಳು! ಅತ್ತೆಯ ಬಾಯಲ್ಲಿ ಗಂಗಾವತರಣ. ಭಾಷೆ ತಿಳಿಯದ ರಿತು ನಗು ತಡೆಯಲಾರದೆ ಕಡ್ಡಿ ಬೀಳಿಸಿದಳು. ಬೈಯುತ್ತಾ, ಚೀಪುತ್ತಾ, ಮತ್ತೆ ಬೈಯುತ್ತಾ ಅತ್ತೆ ಕಡ್ಡಿ ಕೊಡುತ್ತಲೇ ಇದ್ದರು. ಮುಚ್ಚಿದ್ದ ಇನ್ನೊಂದು ಕಣ್ಣು ತೆರೆಯಿತು. ಕೆನ್ನೆಯ ಗುಳಿ ಬಂತು. ಕಟವಾಯಿಯಲ್ಲಿ ಒಂದು ಚೂರು ಬೆಣ್ಣೆ.

ಅತ್ತೆ ಕಡ್ಡಿ ಕೆಳಗಿಟ್ಟು ಮೇಜಿನ ಮೇಲೆ ಬಾಗಿದರು.

"ಇದೇ ಕಣೇ. ನಮ್ಮಪ್ಪ ತೋರಿಸಿದ್ದ ನಗು ಇದೇ," ಎಂದು ಗಳಗಳನೆ ಅತ್ತರು. ನಾನೂ ಅತ್ತುಬಿಟ್ಟೆ. ಆಮೇಲೆ ಅವರು ರಿತುವಿನ ಗಲ್ಲ ಹಿಡಿದು, "ಆ ಕಡೆ ನೀನು, ಈ ಕಡೆ ನಾನು. ಇಬ್ಬರು ತಾಯಂದಿರು ಇವನಿಗೆ ಹೊಸದೇನಲ್ಲ ಬಿಡು," ಎಂದರು. ಅದನ್ನು ಹಿಂದಿಗೆ ತರಲು ನನ್ನಿಂದ ಆಗಲಿಲ್ಲ.

ಗೋಕುಲಾಷ್ಟಮಿಯ ಸಂಜೆ ಕ್ವಾರ್ಟರ್ಸಿನ ಕನ್ನಡದ ಹೆಂಗಸರೆಲ್ಲ ನಮ್ಮ ಅಡುಗೆಮನೆಯಲ್ಲಿ. "ಎಷ್ಟು ಲಕ್ಷಣವಾಗಿದ್ದಾನೆ! ಏನು ಹಚ್ಚಿದಿರಿ ಮಾಮಿ? ನಮ್ಮ ವೆಂಕಟರಮಣನಿಗೂ ಹಚ್ಚಬೇಕು!"

ನಾನು ಬಾಯಿ ತೆರೆದೆ. ಅತ್ತೆ ಅದಕ್ಕೊಂದು ಚಕ್ಕುಲಿ ತುರುಕಿ, ಗಂಭೀರವಾಗಿ ಹೇಳಿದರು:

"ಸೈನ್ಸು ಕಣ್ರೀ, ಎಲ್ಲಾ ಸೈನ್ಸು!"